ಹಿಂದಿನ ಕೋಣೆಗೆ ನಾಲ್ಕನೇ ಸಲ ಬಣ್ಣ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಬಣ್ಣದ ಅಂಗಡಿ ಮುಂದೆ ನಿಲ್ಲೋಕೆ ಜಾಗ ಇರಲ್ಲ. ಸೂಪರ್ ಮಾರ್ಕೆಟ್ ಕಡೆ ಹೋದರೆ ಎಲ್ಲರ ಕೈಯಲ್ಲೂ ಶೇಡ್ ಕಾರ್ಡ್. ಯಾವ ಹಳದಿ, ಯಾವ ನೀಲಿ, ಹಾಲ್‌ನಲ್ಲಿ ಒಂದು ಗೋಡೆಗೆ ಬೇರೆ ಬಣ್ಣ ಇರಲಾ ಬೇಡವಾ, ಇದೇ ಮಾತು. ನಾನೂ ಮೂರು ಸಲ ಹಾಗೇ ಹೋಗಿ ನಿಂತಿದ್ದೆ. ಗೋಡೆ ಹೇಗಿದೆ ಅಂತ ನಾನೂ ಹೇಳಲಿಲ್ಲ, ಅಂಗಡಿಯವರೂ ಕೇಳಲಿಲ್ಲ. ಮೂರು ಸಲವೂ ನಮ್ಮ ಹಿಂದಿನ ಕೋಣೆ ಬಣ್ಣ ಉದುರಿತು. ನಾಲ್ಕನೇ ಸಲ ಏನಾಯ್ತು ಅನ್ನೋದನ್ನು ಪೂರ್ತಿ ಬರೆದಿಡ್ತೀನಿ. ಇಂಥ ಗೋಡೆ ನಮ್ಮೂರಲ್ಲಿ ನಮ್ಮದೊಂದೇ ಇರಲಿಕ್ಕಿಲ್ಲ.

ಮೊದಲು ಮನೆ ಹೇಗಿದೆ ಹೇಳಬೇಕು. ಮುಂದಿನ ಭಾಗ ಅಪ್ಪ ಕಟ್ಟಿಸಿದ್ದು, ಇಟ್ಟಿಗೆ, ಸಿಮೆಂಟು, ಸ್ಲ್ಯಾಬ್. ಹಿಂದಿನ ಎರಡು ಕೋಣೆ ಅಜ್ಜನ ಕಾಲದವು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಗರ್ಡರ್ ಇಟ್ಟು ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿದ ಮಾಳಿಗೆ. ಆ ಕಲ್ಲಿನ ಗೋಡೆಗೆ ಇಪ್ಪತ್ತು ವರ್ಷದ ಹಿಂದೆ, ಮನೆ ಹೊಸದಾಗಿ ಕಾಣಲಿ ಅಂತ, ಸಿಮೆಂಟಿನ ಗಿಲಾವ (ಪ್ಲಾಸ್ಟರ್) ಮಾಡಿಸಿದ್ದೆವು. ಅಲ್ಲಿಂದಲೇ ತೊಂದರೆ ಶುರು ಅಂತ ನಮಗೆ ಗೊತ್ತಾಗಿದ್ದು ಈ ವರ್ಷ.

ಮೊದಲ ಸಲ ಡಿಸ್ಟೆಂಪರ್ ಹಚ್ಚಿಸಿದೆವು. ಒಂದು ಮಳೆಗಾಲ ಕಳೆಯೋದರಲ್ಲಿ ಕೆಳಗಿನ ಎರಡು ಅಡಿ ಪುಡಿ ಪುಡಿ. ಎರಡನೇ ಸಲ ಗೋಡೆ ನುಣುಪಾಗಲು ಪುಟ್ಟಿ ಎಳೆದು, ಬಣ್ಣಕ್ಕೆ ಮೊದಲಿನ ಕೈ ಅಂತ ಪ್ರೈಮರ್ ಹಚ್ಚಿ, ಒಳ್ಳೆ ಎಮಲ್ಷನ್ (ನೀರಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ) ಹೊಡೆಸಿದೆವು. ಅದು ಗುಳ್ಳೆ ಎದ್ದು, ಹಪ್ಪಳದ ಹಾಗೆ ಬಿಟ್ಟುಕೊಂಡಿತು. ಮೂರನೇ ಸಲ ಒಂದು ಅಂಗಡಿಯಲ್ಲಿ ಹೇಳಿದರು, ಎಣ್ಣೆ ಬಣ್ಣ ಹಚ್ಚಿಬಿಡಿ, ಅದರ ಮುಂದೆ ತೇವ ನಿಲ್ಲಲ್ಲ ಅಂತ. ಎನಾಮೆಲ್ ಹಚ್ಚಿಸಿದೆವು. ಮೊದಲು ಎರಡು ಅಡಿ ಎತ್ತರದಲ್ಲಿದ್ದ ತೇವ ಮುಂದಿನ ವರ್ಷಕ್ಕೆ ನಾಲ್ಕು ಅಡಿಗೆ ಏರಿತ್ತು. ಅವ್ವ ಆ ಗೋಡೆಗೆ ಅಲಮಾರಿ ಸರಿಸಿ ಮುಚ್ಚಿದಳು. ಒಳಗಿದ್ದ ಸೀರೆಗಳಿಗೆ ಮುಗ್ಗಲು ವಾಸನೆ ಹಿಡಿಯಿತು. ಅಪ್ಪ ತಂದಿದ್ದ ಇಳಕಲ್ ಸೀರೆಯೂ ಅದರಲ್ಲಿತ್ತು. ಅವ್ವ ಅದನ್ನು ಮೂರು ದಿನ ನೆರಳಲ್ಲಿ ಹರವಿ, ದಿನಾ ಮೂಸಿ ನೋಡುತ್ತಿದ್ದಳು.

ಈ ವರ್ಷ ಫೆಬ್ರವರಿಯಲ್ಲಿ ಚಾಚಾ ಬಂದರು. ಮೂವತ್ತು ವರ್ಷದಿಂದ ಬಣ್ಣದ ಕೆಲಸ ಮಾಡುವವರು, ಪಕ್ಕದ ಓಣಿಯವರು ಹೇಳಿ ಕಳಿಸಿದ್ದರು. ಶೇಡ್ ಕಾರ್ಡ್ ಕೈಗೆ ಕೊಟ್ಟರೆ ಕೆಳಗಿಟ್ಟರು. ಅಲಮಾರಿ ಸರಿಸಿ ಅಂದರು. ಗೋಡೆಯಿಂದ ಅಂಗೈ ಅಗಲದ ಒಂದು ಚಕ್ಕೆ ಎಬ್ಬಿಸಿ, ತಿರುವಿ ನನ್ನ ಕೈಯಲ್ಲಿಟ್ಟರು. ಮುಂದೆ ನುಣುಪಾದ ಎಣ್ಣೆ ಬಣ್ಣ. ಹಿಂದೆ ಪುಟ್ಟಿಯ ಒಂದು ಪದರ, ಅದಕ್ಕೆ ಅಂಟಿಕೊಂಡು ಬಂದ ಸಿಮೆಂಟಿನ ಪುಡಿ. ಚಕ್ಕೆ ಎದ್ದ ಜಾಗದಲ್ಲಿ, ಗೋಡೆ ಮೇಲೆ, ಹತ್ತಿಯ ಎಳೆಗಳ ಹಾಗೆ ಬೆಳ್ಳಗೆ ಏನೋ ಬೆಳೆದಿತ್ತು. ಬೆರಳು ತಾಗಿದರೆ ಮುರಿದು ಉದುರುತ್ತಿತ್ತು.

"ನೋಡು ಬೇಟಾ, ಇದು ಉಪ್ಪು. ಬಣ್ಣದ್ದೇನೂ ತಪ್ಪಿಲ್ಲ. ಗ್ವಾಡಿ ಒಳಗ ನೀರು ಅದ. ಅದು ಹೊರಗ ಬರಲಾಕ ದಾರಿ ಹುಡಕಲತ್ತದ, ನೀವು ಬಾಗಿಲಾ ಮುಚ್ಚಲತ್ತೀರಿ."

ಅವರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ನೆಲದ ತೇವ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಬರುವಾಗ ಮಣ್ಣಲ್ಲಿ, ಕಲ್ಲಲ್ಲಿ, ಸಿಮೆಂಟಲ್ಲಿ ಇರುವ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮುಖಕ್ಕೆ ಬಂದಾಗ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಮುಂದಿರುವ ಬಣ್ಣವನ್ನು, ಪುಟ್ಟಿಯನ್ನು, ಕೊನೆಗೆ ಗಿಲಾವವನ್ನೇ ತಳ್ಳುತ್ತದೆ. ನಮ್ಮಲ್ಲಿ ಮಳೆ ನಿಂತ ಮೇಲೆ ಒಣ ಗಾಳಿ, ಮೇಲೆ ಬಿಸಿಲು, ಆರುವುದು ಜೋರು, ಹಾಗಾಗಿ ಉಪ್ಪು ಬರೋದೂ ಜೋರು. ಮುಖಕ್ಕೆ ಎಣ್ಣೆ ಬಣ್ಣ ಬಳಿದರೆ ನೀರಿಗೆ ಆರಲು ಜಾಗ ಸಿಗಲ್ಲ, ಅದು ಇನ್ನೂ ಮೇಲೆ ಹತ್ತಿ ಜಾಗ ಹುಡುಕುತ್ತದೆ. ನಾಲ್ಕು ಅಡಿ ಆಗಿದ್ದು ಅದಕ್ಕೇ.

ಅವ್ವನಿಗೆ ಯುಗಾದಿಯೊಳಗೆ ಮುಗಿಸಬೇಕಿತ್ತು. "ಹಬ್ಬಕ್ಕ ಹಾಳು ಗ್ವಾಡಿ ಇಟ್ಕೊಂಡು ಕೂಡಬೇಕೇನ್ರಿ?" ಅಂದಳು. ಚಾಚಾ ಕೂತು ಚಹಾ ಕುಡಿದು ಮೆತ್ತಗೆ ಹೇಳಿದರು, "ಯುಗಾದಿಗಿ ಆಗಂಗಿಲ್ಲ ಅಕ್ಕಾ. ಈಗ ಹಚ್ಚಿದ್ರ ರೊಕ್ಕ ನನಗ ಬರ್ತದ ಖರೇ, ಮುಂದಿನ ಮಳಿಗಾಲಕ್ಕ ಗ್ವಾಡಿ ಮತ್ತ ಹಿಂಗೇ ಆಗ್ತದ." ಕೆಲಸ ಬೇಡ ಅನ್ನುವ ಪೇಂಟರನ್ನು ನಾನು ಮೊದಲ ಸಲ ನೋಡಿದ್ದು. ಅವತ್ತೇ ಅವರ ಮಾತಿನ ಹಾಗೆ ನಡೆಯೋದು ಅಂತ ತೀರ್ಮಾನಿಸಿದೆ.

ಹೋಗುವ ಮುಂಚೆ ಒಂದು ಪರೀಕ್ಷೆ ಹೇಳಿಕೊಟ್ಟರು. ಇದನ್ನು ಯಾರು ಬೇಕಾದರೂ ಮಾಡಬಹುದು, ಖರ್ಚೇ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಬೇಕು. ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಗೆ ಹನಿ ಕೂತಿದ್ದರೆ, ಅಥವಾ ಅಲ್ಲಿ ಗೋಡೆಯ ಬಣ್ಣ ಕಪ್ಪಾಗಿದ್ದರೆ, ನೀರು ಗೋಡೆಯಿಂದ ಬರುತ್ತಿದೆ. ಹನಿ ಹೊರಮೈಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು. ನಾವು ಹಚ್ಚಿದ ಹಾಳೆಯನ್ನು ಮರುದಿನ ಸಂಜೆ ಬಿಚ್ಚಿದಾಗ ಒಳಗಿನ ಹನಿಗಳು ಸೇರಿ ಕೆಳಗಿನ ಟೇಪಿನ ಮೇಲೆ ಸಾಲಾಗಿ ನಿಂತಿದ್ದವು. ಹಾಲ್‌ನಲ್ಲಿ ಅದೇ ದಿನ ಹಚ್ಚಿದ ಇನ್ನೊಂದು ಹಾಳೆ ಪೂರ್ತಿ ಒಣ.

ನೀರು ಎಲ್ಲಿಂದ ಅಂತ ಹುಡುಕಿದರೆ ಉತ್ತರ ಹಿತ್ತಿಲಲ್ಲೇ ಇತ್ತು. ಗೋಡೆಗೆ ಹೊಂದಿಕೊಂಡು ಕರಿಬೇವು, ತುಳಸಿ, ದಾಸವಾಳ. ವರ್ಷ ವರ್ಷ ಮಣ್ಣು, ಗೊಬ್ಬರ ಹಾಕಿ ಹಾಕಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದು ಅಡಿ ಮೇಲೆ ಬಂದುಬಿಟ್ಟಿತ್ತು. ದಿನಾ ಎರಡು ಕೊಡ ನೀರು. ಅದೆಲ್ಲ ಗೋಡೆಯೇ ಕುಡಿಯುತ್ತಿತ್ತು. ಗಿಡಗಳನ್ನು ಕುಂಡಕ್ಕೆ ಸರಿಸಿ, ಮಣ್ಣು ತೆಗೆಸಿ, ನೆಲವನ್ನು ಒಳಗಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ನೀರು ಗೋಡೆಯಿಂದ ದೂರ ಓಡುವ ಹಾಗೆ ಇಳಿಜಾರಾಗಿ ಪರಸಿ ಹಾಸಿಸಿದೆವು. ಬಣ್ಣದ ಖರ್ಚಿಗಿಂತ ಮೊದಲು ಈ ಖರ್ಚು. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಖರ್ಚು ಇದೇ.

ಒಳಗೆ ಸಿಮೆಂಟಿನ ಗಿಲಾವವನ್ನು ಐದು ಅಡಿವರೆಗೆ ಕೆತ್ತಿಸಿದೆವು. ಕಲ್ಲು ಕಾಣಿಸಿತು. ಅದರ ಮೇಲಿನ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಮನೆಯಿಂದ ಹೊರಗೆ ಹಾಕಿದೆವು. ನೀರು ಹಾಕಿ ತೊಳೆಯಬಾರದು, ತೊಳೆದರೆ ಉಪ್ಪು ಕರಗಿ ವಾಪಸ್ ಗೋಡೆಯೊಳಗೆ ಹೋಗುತ್ತದೆ. ಎರಡು ವಾರ ಬಿಟ್ಟು ಮತ್ತೆ ಉಪ್ಪು ಬಂತು, ಮತ್ತೆ ಉಜ್ಜಿದೆವು. ನಾಲ್ಕು ಸಲ ಆಯ್ತು. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಗೋಡೆ ಬೆತ್ತಲೆಯಾಗೇ ಇತ್ತು. ಎಲ್ಲರೂ ಬೈಯುವ ನಮ್ಮ ಬೇಸಿಗೆ ಈ ಕೆಲಸಕ್ಕೆ ಮಾತ್ರ ಬಹಳ ಒಳ್ಳೆಯದು, ಹೊರಗೆ ನಲವತ್ತೆರಡು ಡಿಗ್ರಿ ಇರುವಾಗ ಕಿಟಕಿ ಬಾಗಿಲು ತೆಗೆದಿಟ್ಟರೆ ಎಂಥ ಗೋಡೆಯೂ ಒಣಗುತ್ತದೆ.

ಜುಲೈನಲ್ಲಿ, ಮೋಡ ಇದ್ದ ದಿನ ನೋಡಿ, ಸುಣ್ಣ-ಮರಳಿನ ಗಿಲಾವ ಮಾಡಿಸಿದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಬಿಸಿಲಲ್ಲಿ ಮಾಡಿದರೆ ಸುಣ್ಣ ಗಟ್ಟಿಯಾಗೋ ಮೊದಲೇ ಒಣಗಿ ಬಿರಿಯುತ್ತದೆ, ಅದಕ್ಕೆ ಮೋಡದ ದಿನ. ಸಿಮೆಂಟ್ ಯಾಕೆ ಬೇಡ ಅಂದರೆ, ಕಲ್ಲು-ಮಣ್ಣಿನ ಹಳೆ ಗೋಡೆಯಲ್ಲಿ ಸ್ವಲ್ಪ ತೇವ ಯಾವಾಗಲೂ ಓಡಾಡುತ್ತಲೇ ಇರುತ್ತದೆ. ಸುಣ್ಣ ಅದನ್ನು ಹೊರಗೆ ಬಿಡುತ್ತದೆ. ಗಟ್ಟಿ ಸಿಮೆಂಟ್ ಬಿಡಲ್ಲ.

ಈಗ ಬಣ್ಣದ ಮಾತು. ಆ ಕೋಣೆಗೆ ಕೊನೆಗೆ ಹಚ್ಚಿದ್ದು ಸುಣ್ಣ. ಬರೀ ಸುಣ್ಣ.

ಸುಣ್ಣ ಅಂದರೆ ಬಡವರ ಬಣ್ಣ ಅಂತ ಈಗ ಎಲ್ಲರೂ ತಿಳಿದಿದ್ದಾರೆ. ಸುಣ್ಣದ ಕಲ್ಲಿನ ಮೇಲೆಯೇ ಕೂತಿರೋ ಜಿಲ್ಲೆ ನಮ್ಮದು. ಶಹಾಬಾದ್ ಪರಸಿ ಅದೇ ಕಲ್ಲು, ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳು ಇಲ್ಲಿ ಬಂದಿದ್ದೂ ಅದೇ ಕಲ್ಲಿಗಾಗಿ. ಆ ಕಲ್ಲನ್ನು ಸುಟ್ಟರೆ ಸುಣ್ಣದ ಹರಳು. ಹರಳನ್ನು ನೀರಿಗೆ ಹಾಕಿದರೆ ಕುದಿದು ಅರಳಿ ಸುಣ್ಣ. ಅದನ್ನು ಗೋಡೆಗೆ ಹಚ್ಚಿದರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡು ಮತ್ತೆ ಮೊದಲಿನ ಕಲ್ಲೇ ಆಗುತ್ತದೆ, ತೆಳ್ಳಗಿನ ಕಲ್ಲಿನ ಪದರ. ಎಮಲ್ಷನ್ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ಹಾಗೆ ಕೂರುತ್ತದೆ, ಹಿಂದಿನಿಂದ ಉಪ್ಪು ತಳ್ಳಿದರೆ ಎದ್ದು ಬರುತ್ತದೆ. ಸುಣ್ಣದಲ್ಲಿ ಏಳೋಕೆ ಅಂಥ ಹಾಳೆಯೇ ಇಲ್ಲ. ಜಾಸ್ತಿ ಅಂದರೆ ಪುಡಿಯಾಗುತ್ತದೆ, ಗುಡಿಸಿ ಇನ್ನೊಂದು ಕೈ ಹಚ್ಚಿದರಾಯ್ತು.

ಹರಳು ಅರಳಿಸುವಾಗ ಹುಷಾರು. ನೀರು ಮೊದಲು, ಹರಳು ಆಮೇಲೆ, ಸ್ವಲ್ಪ ಸ್ವಲ್ಪ. ಹರಳಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ತಗಡಿನ ಡ್ರಮ್ ಬೇಕು, ತೆಳ್ಳಗಿನ ಪ್ಲಾಸ್ಟಿಕ್ ಬಕೆಟ್ ಆ ಶಾಖಕ್ಕೆ ಮೆತ್ತಗಾಗುತ್ತದೆ. ಕಣ್ಣಿಗೆ ಕನ್ನಡಕ ಹಾಕಲೇಬೇಕು, ಮಕ್ಕಳನ್ನು ಹತ್ತಿರ ಬಿಡಲೇಬಾರದು, ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಆ ಕ್ಷಣದಿಂದಲೇ ನೀರು ಹಾಕಿ ತೊಳೆಯುತ್ತಾ ಇರಬೇಕು, ಆಮೇಲೆ ಸೀದಾ ಆಸ್ಪತ್ರೆ. ಚಾಚಾ ಡ್ರಮ್ಮಿನ ಬಾಯಿಗೆ ತಟ್ಟು ಮುಚ್ಚಿ ನಾಲ್ಕು ದಿನ ಬಿಟ್ಟರು. ಆಮೇಲೆ ಅವ್ವನ ಹಳೆ ಧಡಿ ಸೀರೆಯಲ್ಲಿ ಸೋಸಿದರು. ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ, ಹಸಿ ಗೋಡೆ ಮೇಲೆ ಹಚ್ಚಿದರು. ಹಚ್ಚಿದ ಕೂಡಲೇ ಏನೂ ಕಾಣಲ್ಲ, ಬರೀ ಒದ್ದೆ ಗೋಡೆ. ಅವ್ವ ನೋಡಿ ಮುಖ ಸಣ್ಣ ಮಾಡಿದಳು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕೋಣೆ ಬೆಳ್ಳಗೆ ಬೆಳಗುತ್ತಿತ್ತು. ದಪ್ಪ ಹಚ್ಚಿದರೆ ಸಿಪ್ಪೆ ಏಳುತ್ತದೆ, ತೆಳ್ಳಗೆ ಮೂರು ಕೈ ಹಚ್ಚಬೇಕು. ಸುಣ್ಣಕ್ಕೆ ಒಂದು ಹಿಡಿ ಉಪ್ಪು ಹಾಕುವ ರೂಢಿ ಇದೆ, ಅದರಿಂದ ಸುಣ್ಣ ಬೇಗ ಒಣಗಲ್ಲ. ನಮ್ಮದು ಮೊದಲೇ ಉಪ್ಪಿನ ಗೋಡೆ, ಅದಕ್ಕೆ ಹಾಕಲಿಲ್ಲ. ಚಿಟಿಕೆ ನೀಲಿ ಹಾಕಿದೆವು, ಅಷ್ಟೇ.

ಒಂದು ಮಾತು ನೆನಪಿರಲಿ. ಎಮಲ್ಷನ್ ಅಥವಾ ಎಣ್ಣೆ ಬಣ್ಣ ಇರುವ ಗೋಡೆಗೆ ಸುಣ್ಣ ಹಿಡಿಯಲ್ಲ. ಹಾಗೇ ಹಳೆ ಸುಣ್ಣದ ಮೇಲೆ ಸೀದಾ ಎಮಲ್ಷನ್ ಹೊಡೆದರೆ ಅದೂ ನಿಲ್ಲಲ್ಲ. ಅಂಗೈಯಿಂದ ಗೋಡೆ ಉಜ್ಜಿ ನೋಡಿ, ಕೈಗೆ ಬಿಳಿ ಪುಡಿ ಬಂದರೆ ಅದನ್ನೆಲ್ಲ ಕೆರೆದು ತೆಗೆಯೋವರೆಗೆ ಯಾವ ದುಬಾರಿ ಡಬ್ಬಿಯೂ ಕೆಲಸಕ್ಕೆ ಬರಲ್ಲ.

ಮುಂದಿನ ಭಾಗ ಒಣ ಗೋಡೆ, ಅಲ್ಲಿ ಎಮಲ್ಷನ್ನೇ ಹಚ್ಚಿಸಿದೆವು. ಪ್ರೈಮರ್ ಬಗ್ಗೆ ನನಗಿದ್ದ ತಿಳುವಳಿಕೆ, ಅದು ದುಡ್ಡು ಜಾಸ್ತಿ ಮಾಡೋಕೆ ಹೇಳೋ ಒಂದು ಕೈ ಅಂತ. ಅದು ತಪ್ಪು. ಪುಟ್ಟಿ ನೀರು ಹೀರುತ್ತದೆ, ಪ್ರೈಮರ್ ಇಲ್ಲದಿದ್ದರೆ ಬಣ್ಣದಲ್ಲಿರುವ ಅಂಟನ್ನೂ ಹೀರಿಬಿಡುತ್ತದೆ, ಮೇಲೆ ಉಳಿಯೋದು ಬರೀ ಪುಡಿ. ಎಲ್ಲಕ್ಕೂ ಒಂದೇ ಪ್ರೈಮರ್ ಅಂತಲೂ ಇಲ್ಲ. ಗೋಡೆಯದು ಬೇರೆ, ಕಟ್ಟಿಗೆಯದು ಬೇರೆ, ಕಬ್ಬಿಣದ್ದು ಬೇರೆ. ಹೊಸ ಮನೆ ಕಟ್ಟುವವರು ಗಿಲಾವ ಆದ ಮೇಲೆ ಕಡಿಮೆ ಅಂದರೂ 28 ದಿನ ಬಿಡಬೇಕು. ಹಸಿ ಸಿಮೆಂಟಿನ ಕ್ಷಾರ ಬಹಳ ಜೋರು, ಅದನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ 12ರ ಮೇಲಿರುತ್ತದೆ, ಅದರ ಮೇಲೆ ಎಣ್ಣೆ ಬಣ್ಣ ಹಚ್ಚಿದರೆ ಆ ಎಣ್ಣೆ ಸಾಬೂನಾಗಿ ಅಂಟು ಅಂಟಾಗುತ್ತದೆ. ಗೃಹಪ್ರವೇಶದ ಮುಹೂರ್ತ ಬಂತು ಅಂತ ಹತ್ತು ದಿನದ ಗಿಲಾವಕ್ಕೆ ಬಣ್ಣ ಹೊಡೆದ ಮನೆಗಳನ್ನು ನಾನೇ ನೋಡಿದ್ದೀನಿ. ದುಡ್ಡು ಖರ್ಚಾಗಿದ್ದರಿಂದ ಯಾರೂ ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ.

ಪುಟ್ಟಿ ಬಿಳಿ ಸಿಮೆಂಟಿನದೇ ಇರಲಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಗ್ಗ ಅಂತ ಬಚ್ಚಲ ಪಕ್ಕದ ಗೋಡೆಗೋ ಹೊರಗೋ ಹಚ್ಚಿದರೆ ತೇವ ತಾಗಿದ ಕೂಡಲೇ ಮೆತ್ತಗಾಗುತ್ತದೆ. ಗೋಡೆ ಉಬ್ಬು ತಗ್ಗು ಇದ್ದರೆ ಅದನ್ನು ಗಿಲಾವದಲ್ಲೇ ಸರಿ ಮಾಡಬೇಕು, ಪುಟ್ಟಿಯಲ್ಲಿ ತುಂಬಬಾರದು. ಹಾಲ್‌ಗೆ ಹೊಳಪಿನ ಬಣ್ಣ ಬೇಕು ಅಂತ ತಂಗಿ ಹೇಳಿದ್ದಳು. ಹೊಳಪು ಇದ್ದಷ್ಟೂ ಗೋಡೆಯ ಏರಿಳಿತ ಎದ್ದು ಕಾಣುತ್ತದೆ, ಸಂಜೆ ಟ್ಯೂಬ್‌ಲೈಟ್ ಹಾಕಿದಾಗಂತೂ ಪ್ರತಿ ಕೈಯ ಗುರುತೂ ಕಾಣುತ್ತದೆ. ನಮ್ಮ ಗೋಡೆ ಹಳೆಯದು, ಹಾಗಾಗಿ ಹೊಳಪಿಲ್ಲದ್ದು ಆರಿಸಿದೆವು, ಅಡುಗೆಮನೆಗೆ ಮಾತ್ರ ಒರೆಸೋಕೆ ಬರುವ ಹೊಳಪಿನದ್ದು. ಶೇಡ್ ಕಾರ್ಡಿನ ಚೌಕ ನೋಡಿ ನಂಬಬೇಡಿ. ಸಣ್ಣ ಡಬ್ಬಿ ತಂದು ಎರಡಡಿ ಜಾಗಕ್ಕೆ ಎರಡು ಕೈ ಹಚ್ಚಿ, ಬೆಳಿಗ್ಗೆ ನೋಡಿ, ರಾತ್ರಿ ದೀಪದಲ್ಲೂ ನೋಡಿ. ಮಷೀನಿನಲ್ಲಿ ಬಣ್ಣ ಕಲಸಿದ ಡಬ್ಬಿಗಳಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಒಂದು ಕೋಣೆಗೆ ಬೇಕಾದದ್ದನ್ನೆಲ್ಲ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಂಡೇ ಶುರು ಮಾಡಬೇಕು.

ಹೊರಗಿನ ಗೋಡೆಗೆ ಬಂದರೆ ನಮ್ಮೂರ ಬಿಸಿಲೇ ದೊಡ್ಡ ಲೆಕ್ಕ. ಪಡುವಣ ಗೋಡೆಗೆ ಗಾಢ ಬಣ್ಣ ಹಚ್ಚಿದರೆ ಅದು ಶಾಖ ಕುಡಿಯುತ್ತದೆ, ರಾತ್ರಿ ಹತ್ತಾದರೂ ಒಳಗಿನಿಂದ ಕೈ ಇಟ್ಟರೆ ಬೆಚ್ಚಗಿರುತ್ತದೆ. ಮೇಲೆ ಕೆಲವು ಕಡು ಕೆಂಪು, ಕಡು ನೇರಳೆ ಎರಡು ಬೇಸಿಗೆಗೇ ಮಾಸುತ್ತವೆ. ಮಣ್ಣಿನ ಬಣ್ಣಗಳು ಮಾಸಲ್ಲ. ಜಾಜು ಅನ್ನೋ ಕೆಮ್ಮಣ್ಣು, ಹಳದಿ ಮಣ್ಣು ಇವೆಲ್ಲ ಕಬ್ಬಿಣದ ಆಕ್ಸೈಡ್, ಬಿಸಿಲು ಅದಕ್ಕೆ ಏನೂ ಮಾಡಲ್ಲ. ಹಳ್ಳಿ ಮನೆಗಳಲ್ಲಿ ಮೇಲೆ ಸುಣ್ಣ, ಕೆಳಗೆ ಜಾಜಿನ ಪಟ್ಟಿ ಹಚ್ಚುತ್ತಿದ್ದರಲ್ಲ, ಅದು ಸುಮ್ನೆ ಚೆಂದಕ್ಕೆ ಬಂದ ಪದ್ಧತಿ ಅಂತ ನನಗನ್ನಿಸಲ್ಲ. ಬೀದರ್‌ಗೆ ಹೋದಾಗ ಇದನ್ನೇ ಯೋಚಿಸುತ್ತಿದ್ದೆ. 1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದ ಹೊರಗೋಡೆಗೆ, ಮಿನಾರಿಗೆ ಬಣ್ಣ ಬಳಿಯಲಿಲ್ಲ, ಬೆಂಕಿಯಲ್ಲಿ ಸುಟ್ಟ ಬಣ್ಣದ ಹೆಂಚು ಕೂರಿಸಿದರು, ಉಳಿದಷ್ಟರ ನೀಲಿ ಇವತ್ತಿಗೂ ಹೊಳೆಯುತ್ತದೆ. ಅಲ್ಲೇ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗೋರಿಯ ಒಳಗೆ ಮಾತ್ರ ಗಿಲಾವದ ಮೇಲೆ ಬಣ್ಣದ ಚಿತ್ತಾರ. ಬಿಸಿಲು ಮಳೆ ತಾಗುವ ಕಡೆ ಒಂದು, ನೆರಳಿನ ಒಣ ಗೋಡೆಗೆ ಇನ್ನೊಂದು.

ನಾವು ಹೊರಗೆ ತಿಳಿ ಗೋಧಿ ಬಣ್ಣದ ಎಕ್ಸ್‌ಟೀರಿಯರ್ ಎಮಲ್ಷನ್ ಹಚ್ಚಿಸಿದೆವು. ಚಾಚಾ ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ ಹಿಡಿಯುತ್ತಿದ್ದರು, ಯಾವಾಗಲೂ ನೆರಳಿನಲ್ಲಿ ಕೆಲಸ. ಸುಡುವ ಗೋಡೆಗೆ ಹಚ್ಚಿದ ಬಣ್ಣ ಮೇಲಷ್ಟೇ ಒಣಗಿ ಗೋಡೆಗೆ ಸರಿಯಾಗಿ ಹಿಡಿಯಲ್ಲ, ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಆಮೇಲೆ ಗುಳ್ಳೆ. ಏಪ್ರಿಲ್, ಮೇನಲ್ಲಿ ಹೊರಗಿನ ಬಣ್ಣ ಮಾಡಿಸಲೇಬೇಡಿ.

ಮಾಳಿಗೆಗೆ ಬಿಳಿ. ಸ್ಲ್ಯಾಬಿನ ಮೇಲೆ ಕಪ್ಪು ವಾಟರ್‌ಪ್ರೂಫ್ ಬಳಿದು ಹಾಗೇ ಬಿಟ್ಟ ಮನೆಗಳಲ್ಲಿ ಬೇಸಿಗೆ ರಾತ್ರಿ ಮಲಗೋಕೆ ಆಗಲ್ಲ. ಮೊದಲು ಬಿರುಕು ತುಂಬಿ, ನೀರು ನಿಲ್ಲುವ ತಗ್ಗು ಸರಿ ಮಾಡಿ, ಆಮೇಲೆ ಬಿಸಿಲು ತಿರುಗಿಸುವ ಬಿಳಿ ಕೋಟಿಂಗ್. ಅದಕ್ಕೆ ದುಡ್ಡಿಲ್ಲದಿದ್ದರೆ ಪ್ರತಿ ಮಾರ್ಚ್‌ನಲ್ಲಿ ಸುಣ್ಣ ಬಳಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಧೂಳು ಕೂತರೆ ಬಿಳಿ ಕೆಲಸ ಮಾಡಲ್ಲ, ಆಗಾಗ ಗುಡಿಸಿ ತೊಳೆಯಬೇಕು.

ಕಿಟಕಿ ಸರಳುಗಳಿಗೆ ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್, ಆಮೇಲೆ ಎರಡು ಕೈ ಎನಾಮೆಲ್. ಮರುದಿನಕ್ಕೆ ಬಿಟ್ಟರೆ ಮತ್ತೆ ಕೆಂಪಾಗಲು ಶುರು. ಆದರೆ ಪತ್ರಾ (ತಗಡು) ಶೆಡ್ಡಿಗೆ ಹೀಗೆ ಮಾಡಬಾರದು. ಪತ್ರಾದ ಮೇಲೆ ಸತುವಿನ ಲೇಪ ಇರುತ್ತದೆ, ಎಣ್ಣೆ ಬಣ್ಣಕ್ಕೂ ಸತುವಿಗೂ ಆಗಿಬರಲ್ಲ, ಒಂದೆರಡು ವರ್ಷಕ್ಕೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಬೇರೆಯೇ ಪ್ರೈಮರ್ ಸಿಗುತ್ತದೆ, ಜಿಐ ಪ್ರೈಮರ್ ಅಂತ ಕೇಳಿ.

ಬಾಗಿಲುಗಳ ವಿಷಯದಲ್ಲಿ ನನಗೆ ಹೆದರಿಕೆ ಇತ್ತು. ಹಳೆ ಸಾಗವಾನಿ ಬಾಗಿಲು, ಮೇಲೆ ಎಷ್ಟು ಪದರ ಎಣ್ಣೆ ಬಣ್ಣ ಇದೆಯೋ. ಮನೆಯಲ್ಲಿ ತಂಗಿಯ ಎರಡು ವರ್ಷದ ಮಗು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಮಾಡಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಳೆಯ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎಣ್ಣೆ ಬಣ್ಣದಲ್ಲಿ, ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಮಾಡಬೇಕು. ಒಣ ಪಾಲಿಶ್ ಪೇಪರ್‌ನಲ್ಲಿ ಉಜ್ಜಿದರೆ ಧೂಳು ಮನೆಯೆಲ್ಲ ಹಾರಿ ಮಕ್ಕಳ ಬಾಯಿಗೆ ಹೋಗುತ್ತದೆ, ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ನಾವು ಬಾಗಿಲು ಬಿಚ್ಚಿ ಹಿತ್ತಿಲಿಗೆ ಒಯ್ದು, ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಹಚ್ಚಿ ಹಚ್ಚಿ ಉಜ್ಜಿಸಿದೆವು. ಚಾಚಾ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ನಾನು ಒಳ್ಳೆ ಮಾಸ್ಕ್ ತಂದುಕೊಟ್ಟೆ. ಮೂವತ್ತು ವರ್ಷ ಬರೀ ಬಟ್ಟೆಯಲ್ಲಿ ಆ ಧೂಳು ಕುಡಿದಿದ್ದಾರೆ ಅಂತ ನೆನೆದರೆ ಸಂಕಟವಾಗುತ್ತದೆ. ನಿಮ್ಮ ಮನೆಗೆ ಬರುವ ಪೇಂಟರ್‌ಗೂ ಮಾಸ್ಕ್ ಕೊಡಿ, ಬಕೆಟ್ ಬಣ್ಣದ ಬೆಲೆ ಮುಂದೆ ಅದು ಏನೂ ಅಲ್ಲ. ಇನ್ನೊಂದು, ಬಚ್ಚಲ ಬಾಗಿಲಿಗೆ ಬಣ್ಣ ಹಚ್ಚುವಾಗ ಕೆಳ ಅಂಚು, ಮೇಲಂಚು ಮರೆಯಬೇಡಿ. ಬಾಗಿಲು ನೀರು ಕುಡಿಯೋದು ಆ ಅಂಚಿನಿಂದಲೇ.

ನೆಲದ ಪರಸಿಗೆ ಏನೂ ಹಚ್ಚಲಿಲ್ಲ. ಬಣ್ಣದ ಕಲೆ ತೆಗೆಯೋಕೆ ಒಬ್ಬ ಹುಡುಗ ಆ್ಯಸಿಡ್ ತಂದಿದ್ದ, ಚಾಚಾ ಬಾಟಲಿ ಕಸಿದುಕೊಂಡರು. ಪರಸಿ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆ ಎದ್ದು ಕಲ್ಲನ್ನೇ ತಿನ್ನುತ್ತದೆ. ನಿಂಬೆಹಣ್ಣಿನ ರಸ ಬಿದ್ದ ಕಡೆ ಕೂಡ ಮಂಕಾಗಿ ಗುರುತು ಉಳಿಯೋದು ಅದಕ್ಕೇ. ಕಲೆಗಳನ್ನು ಹಳೆ ಬ್ಲೇಡಿನಿಂದ ಮೆತ್ತಗೆ ಕೆರೆದು ತೆಗೆದರು, ಅರ್ಧ ದಿನ ಹಿಡಿಯಿತು.

ಅಕ್ಟೋಬರ್‌ನಲ್ಲಿ, ಸುಣ್ಣ ಹಚ್ಚುವ ಮುಂಚೆ, ಹಿಂದಿನ ಕೋಣೆಗೆ ಮತ್ತೆ ಪ್ಲಾಸ್ಟಿಕ್ ಹಾಳೆ ಹಚ್ಚಿ ನೋಡಿದ್ದೆವು. ಒಂದು ಮಳೆಗಾಲ ಪೂರ್ತಿ ಕಳೆದಿತ್ತು. ಒಳಮೈ ಒಣಗಿತ್ತು, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಮಂಜು ಕಟ್ಟಿತ್ತು. ಆ ಮೂಲೆಗೆ ಅಲಮಾರಿ ತಾಗಿಸಬೇಡಿ, ಗಾಳಿ ಆಡಲಿ ಅಂದರು ಚಾಚಾ. ಅಲಮಾರಿ ಈಗ ಗೋಡೆಯಿಂದ ಒಂದು ಗೇಣು ದೂರ ಇದೆ. ಇಳಕಲ್ ಸೀರೆಯನ್ನು ಅವ್ವ ಲಕ್ಷ್ಮೀಪೂಜೆಗೆ ಉಟ್ಟಳು.

ಇನ್ನೊಂದು ಕೆಲಸ ಬಾಕಿ ಇದೆ. ಹಾಲ್‌ನ ಪಡುವಣ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೋಗಿದೆ. ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಆಡುತ್ತದೆ. ಕೂದಲೆಳೆ ಬಿರುಕಾದರೆ ರಬ್ಬರಿನಂತೆ ಹಿಗ್ಗುವ ಕೋಟಿಂಗ್ ಮುಚ್ಚುತ್ತದೆ, ಇದು ಅದಕ್ಕಿಂತ ಅಗಲ. ಚಾಚಾ ಅದಕ್ಕೆ ಬಣ್ಣ ಹಚ್ಚಲಿಲ್ಲ. ಬಿರುಕಿನ ಮೇಲೆ ಎರಡು ಕಡೆ ರೂಪಾಯಿ ನಾಣ್ಯದಷ್ಟು ಪಿಒಪಿ ಹಚ್ಚಿ, ಬಿರುಕು ಮುಗಿಯುವ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದು ಹೋಗಿದ್ದಾರೆ. ಮೇ ತಿಂಗಳ ಹೊತ್ತಿಗೆ ಆ ಪಿಒಪಿ ಸೀಳಿದರೆ ಪಾಯದ ಕಡೆ ನೋಡಬೇಕು, ಇಂಜಿನಿಯರ್‌ಗೆ ತೋರಿಸಬೇಕು. ಸೀಳದಿದ್ದರೆ ತುಂಬಿ ಬಣ್ಣ ಹಚ್ಚೋದು. ಅಲ್ಲಿವರೆಗೆ ಹಾಲ್‌ಗೆ ಬಂದವರೆಲ್ಲ ಆ ಗೆರೆ ಏನು ಅಂತ ಕೇಳುತ್ತಾರೆ, ಅವ್ವ ಕೂರಿಸಿ ಎಲ್ಲಾ ಹೇಳುತ್ತಾಳೆ.